ನಾಲ್ಕನೆಯ ಮಗುವಿಗೆ ಬೈಬಲ್

ಒಸ್ತಾಪ್ ಮೊದಲ ಸಲ ನಮ್ಮ ಅಂಗಡಿಗೆ ಬಂದಾಗ ನಾನು ಅವನಿಗೆ ಪುಸ್ತಕ ಮಾರಲು ಒಪ್ಪಲಿಲ್ಲ.

ಸಂತ ನಿಕೊಲಾಯ್ ಹಬ್ಬ ಹತ್ತಿರ ಬಂದಿತ್ತು. ಆ ರಾತ್ರಿ ಸಂತರೇ ಬಂದು ಮಕ್ಕಳ ದಿಂಬಿನ ಕೆಳಗೆ ಉಡುಗೊರೆ ಇಟ್ಟು ಹೋಗುತ್ತಾರೆ. ಸಂತರಿಗೆ ಬೇಕಾದ ಸಾಮಾನು ಕೊಳ್ಳಲು ನಮ್ಮ ಚೆರ್ನಿವ್ಟ್ಸಿ ಊರಿನ ದೊಡ್ಡವರೆಲ್ಲ ಚರ್ಚಿನ ಪಕ್ಕದ ನಮ್ಮ ಪುಸ್ತಕದಂಗಡಿಗೆ ನುಗ್ಗುತ್ತಾರೆ. ಆ ನೂಕುನುಗ್ಗಲಿನಲ್ಲಿ ಟ್ರಾಲಿಬಸ್ ಡ್ರೈವರ್ ಜಾಕೆಟ್ ತೊಟ್ಟ ಒಬ್ಬ ಎತ್ತರದ ಮನುಷ್ಯ, ಟೋಪಿಯ ಮೇಲಿನ ಹಿಮ ಕೊಡವದೆ ನೇರ ಗಾಜಿನ ಬೀರುವಿನ ಮುಂದೆ ಬಂದು ನಿಂತು, ಚರ್ಮದ ರಟ್ಟಿನ, ಚಿನ್ನದ ಅಂಚಿನ ದೊಡ್ಡ ಬೈಬಲ್ ತೋರಿಸಿದ.

"ಅದು ಮೂರು ಕೊಡಿ."

"ಯಾರಿಗೆ?"

"ಮಕ್ಕಳಿಗೆ."

"ಎಷ್ಟು ವಯಸ್ಸು?"

"ಒಬ್ಬನಿಗೆ ಎಂಟು, ಒಬ್ಬಳಿಗೆ ಐದು. ಇನ್ನೊಬ್ಬ ಈಗಷ್ಟೇ ನಡೆಯೋದು ಕಲೀತಿದಾನೆ."

"ಹಾಗಾದ್ರೆ ಕೊಡಲ್ಲ."

ಅವನು ಅಂಗಡಿಯ ಬೋರ್ಡು ಸರಿಯಾಗಿ ಓದಿದೆನೋ ಇಲ್ಲವೋ ಎಂಬಂತೆ ಒಮ್ಮೆ ಬಾಗಿಲ ಕಡೆ ನೋಡಿದ. "ದುಡ್ಡು ತಂದಿದೀನಲ್ರೀ."

"ದುಡ್ಡಿನ ಮಾತಲ್ಲ. ನಡೆಯೋ ಮಗು ಕಾಲ ಮೇಲೆ ಇದು ಬಿದ್ರೆ ಆಸ್ಪತ್ರೆಗೆ ಓಡ್ಬೇಕು. ಐದರವಳಿಗೆ ಓದಕ್ಕೇ ಬರಲ್ಲ. ಎಂಟರವನು ಯಾರು ಯಾರ ಮಗ ಅನ್ನೋ ಪಟ್ಟಿ ಬಂದ ತಕ್ಷಣ ಮುಚ್ಚಿಟ್ಟು, ಅವನ ಮದುವೆವರೆಗೂ ಮತ್ತೆ ತೆಗೆಯಲ್ಲ."

"ಬೇರೆ ಬೇರೆ ಕೊಟ್ರೆ ಜಗಳ ಆಡ್ತಾರೆ."

"ಒಂದೇ ಮನೇಲಿ ಇರ್ತಾರಾ?"

"ಇಲ್ಲ, ಮೂರು ಮನೆ."

"ಮತ್ತೆ ಯಾರ ಜೊತೆ ಜಗಳ?"

ಅವನು ಸ್ವಲ್ಪ ಯೋಚಿಸಿ, "ನನ್ನ ಜೊತೆ" ಎಂದ.

ನಗು ತಡೆಯಲು ನಾನು ಕಪಾಟಿನ ಕಡೆ ತಿರುಗಬೇಕಾಯಿತು.

"ಮೂರೂ ನಿಮ್ಮವಾ?"

"ಅಯ್ಯೋ ಇಲ್ಲ. ನಾನು ಬರೀ ಜ್ಞಾನತಂದೆ, ದೀಕ್ಷಾಸ್ನಾನದ ದಿನ ಮಗು ಪರವಾಗಿ ನಿಂತೋನು. ನಂಗಿನ್ನೂ ಮದುವೆ ಆಗಿಲ್ಲ."

ಕೊನೆಯ ವಿಷಯ ನಾನು ವಿಚಾರಿಸಿರಲಿಲ್ಲ. ಆದರೂ ಕಿವಿಗೆ ಬಿತ್ತು, ಬಿದ್ದದ್ದು ಅಲ್ಲೇ ಉಳಿಯಿತು.

ಮಕ್ಕಳ ಹೆಸರು ಕೇಳಿಕೊಂಡು, ನಡೆಯಲು ಕಲಿಯುತ್ತಿದ್ದ ಲೆವ್ಕೊಗೆ ದಪ್ಪ ರಟ್ಟಿನ ಹಾಳೆಯ ಮಕ್ಕಳ ಬೈಬಲ್ ತೆಗೆದೆ. ಮೂಲೆಗಳೆಲ್ಲ ದುಂಡಗೆ, ಪುಟಕ್ಕೊಂದು ಪ್ರಾಣಿ, ಒಂದೇ ಸಾಲು. ಕಚ್ಚಿದರೂ ಬಣ್ಣ ಬಿಡುವುದಿಲ್ಲ. ಐದರ ದಾರ್ಕಾಳಿಗೆ ಬೈಬಲ್ಲಿನ ಚಿತ್ರದ ಕಥೆಗಳು, ಒಂದೊಂದು ಕಥೆ ಮುಗಿಯುವಷ್ಟರಲ್ಲಿ ನಿದ್ದೆ ಬರಬೇಕು, ಅಷ್ಟು ಉದ್ದ. ಎಂಟರ ಯುರ್ಕೊಗೆ ದೊಡ್ಡ ಅಕ್ಷರದ್ದು. ಒಸ್ತಾಪ್ ನನ್ನ ಕೈಗಳನ್ನು ನೋಡುತ್ತಿದ್ದನೋ ಪುಸ್ತಕಗಳನ್ನೋ, ನಾನು ವಿಚಾರಿಸಲು ಹೋಗಲಿಲ್ಲ.

ಹಬ್ಬ ಮುಗಿದ ಮರುದಿನವೇ ಮತ್ತೆ ಬಂದ, ಎರಡು ಪುಸ್ತಕ ಹಿಡಿದುಕೊಂಡು.

"ಸಂತ ನಿಕೊಲಾಯ್ ತಪ್ಪು ಪುಸ್ತಕ ಇಟ್ಟು ಹೋಗಿದಾರೆ. ಬದಲಾಯಿಸಿ ಕೊಡ್ತೀರಾ?"

"ಸಂತರು ತಪ್ಪು ಮಾಡಲ್ಲ."

"ಅವರು ಮಾಡಿಲ್ಲ. ಅವರಿಗೆ ಆರಿಸಿಕೊಟ್ಟೋರು ಮಾಡಿದಾರೆ."

ದಾರ್ಕಾ ಜಲಪ್ರಳಯದ ಚಿತ್ರದ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳಂತೆ. ದೋಣಿ ಹತ್ತಿದವರೆಲ್ಲ ಸರಿ, ಹತ್ತದೆ ಉಳಿದವರ ಮನೆಯಲ್ಲಿ ಬೆಕ್ಕು ಇರಲಿಲ್ಲವೇ ಎಂದು ಅವಳ ಪ್ರಶ್ನೆ. ಯುರ್ಕೊ ತನ್ನದನ್ನು ಪುಟ್ಟ ಮಕ್ಕಳ ಪುಸ್ತಕವೆಂದು ಹೇಳಿ ಮಂಚದ ಕೆಳಗೆ ತಳ್ಳಿದ್ದನಂತೆ. ಅವನಿಗೆ ಯುದ್ಧ ಬೇಕು, ಸಿಂಹ ಬೇಕು, ಕಂಬ ಉರುಳಿಸುವವರು ಬೇಕು.

"ನೀವು ವಯಸ್ಸು ಕೇಳಿದ್ರಿ, ಮಕ್ಕಳು ಹೇಗೆ ಅಂತ ಕೇಳಲಿಲ್ಲ" ಎಂದ, ಜೋರು ಮಾಡದೆ.

ಆ ಕೆಲಸದಲ್ಲಿ ನನಗೆ ಬುದ್ಧಿ ಹೇಳಿದ ಮೊದಲ ಗಿರಾಕಿ ಅವನು. ಸಿಟ್ಟು ಬರಬೇಕಿತ್ತು. ಬದಲಿಗೆ ಕೆಟಲ್ ಹಚ್ಚಿ, ರಾಸ್‌ಬೆರಿ ಜಾಮ್ ಹಾಕಿ ಚಹಾ ಕೊಟ್ಟೆ. ದಾರ್ಕಾಳಿಗೆ ಕಳೆದುಹೋದ ಕುರಿಮರಿ ಸಿಕ್ಕುವ ಪುಸ್ತಕ, ಯುರ್ಕೊಗೆ ಹತ್ತು ವರ್ಷದವರದ್ದು. ಆರಿಸುವಷ್ಟರಲ್ಲಿ ಚಹಾ ಎರಡು ಸಲ ಆಯಿತು.

"ಅಲ್ಲಾ, ಮೂರು ಮನೆಗೆ ಜ್ಞಾನತಂದೆ ಹೇಗಾದ್ರಿ?"

"ಕೇಳ್ತಾರೆ. ನಂಗೆ ಬೇಡ ಅನ್ನಕ್ಕೆ ಬರಲ್ಲ."

"ಯಾರು ಏನು ಕೇಳಿದ್ರೂ?"

"ಏನು ಕೇಳಿದ್ರೂ. ನಮ್ಮಮ್ಮಂಗೆ ಅದೇ ತಲೆನೋವು. ಯಾರಾದ್ರೂ ಹುಡುಗಿ ಚೆನ್ನಾಗಿದಾಳೆ ಅಂದ್ಕೊಳ್ಳೋಷ್ಟರಲ್ಲಿ ಯಾವುದೋ ಮಗು ಹುಟ್ಟಿ, ಅವಳು ನಂಗೆ ಕೂಮಾ ಆಗ್ಬಿಡ್ತಾಳೆ."

ಇಬ್ಬರೂ ನಕ್ಕೆವು. ನಮ್ಮಲ್ಲಿ ಒಂದೇ ಮಗುವಿಗೆ ಜ್ಞಾನತಂದೆ, ಜ್ಞಾನತಾಯಿಯಾಗಿ ನಿಂತವರು ಮದುವೆಯಾಗುವಂತಿಲ್ಲ. ಅಂದಿನಿಂದ ಅವಳು ಅವನಿಗೆ ಕೂಮಾ, ಒಡಹುಟ್ಟಿದ ತಂಗಿಯಿದ್ದ ಹಾಗೆ. ಇದು ಚರ್ಚಿನ ನಿಯಮ ಎನ್ನುವವರಿದ್ದಾರೆ, ಬರೀ ನಂಬಿಕೆ ಎನ್ನುವವರೂ ಇದ್ದಾರೆ. ಮೀರಿದವರನ್ನು ಮಾತ್ರ ನಾನು ಕಂಡಿಲ್ಲ. ನಿಲ್ಲು ಎಂದು ಕೇಳಿದಾಗ ಒಲ್ಲೆ ಎನ್ನುವವರೂ ಇಲ್ಲ, ಹಾಗೆಂದರೆ ಮಗುವನ್ನೇ ದೂರ ತಳ್ಳಿದಂತೆ.

ಆಮೇಲೆ ಅವನ ಟ್ರಾಲಿಬಸ್ಸಿಗೆ ಮೇಲಿನ ತಂತಿಯಿಂದ ವಿದ್ಯುತ್ ತರುವ ಕಂಬಿಗಳು ನಮ್ಮ ಅಂಗಡಿಯ ಎದುರೇ ಜಾರತೊಡಗಿದವು. ಬೇರೆ ಡ್ರೈವರುಗಳದ್ದು ತಿರುವಿನಲ್ಲಿ ಜಾರುತ್ತದೆ. ಇವನದ್ದು ನೇರ ರಸ್ತೆಯಲ್ಲಿ, ನಮ್ಮ ಕಿಟಕಿಯ ಮುಂದೆ. ಇಳಿದು ಬಂದು ಹಗ್ಗ ಹಿಡಿದು ಕಂಬಿಯನ್ನು ತಂತಿಗೆ ಕೂರಿಸುವಾಗ ಅವನ ಕಣ್ಣು ತಂತಿಯ ಮೇಲಿರುತ್ತಿರಲಿಲ್ಲ. ನಾನು ಕಿಟಕಿಯಲ್ಲಿ ಪುಸ್ತಕ ಜೋಡಿಸುವ ನೆಪದಲ್ಲಿ ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದೆ. ಬಸ್ಸಿನೊಳಗೆ ಕೂತ ಅಜ್ಜಿಯರು ಗಾಜು ಬಡಿಯುತ್ತಿದ್ದರು.

"ಏನಪ್ಪಾ, ಇವತ್ತೂ ಅಲ್ಲೇನಾ?"

"ತಂತಿ ಸರಿಯಿಲ್ಲ ಅಜ್ಜಿ."

"ತಂತಿ ಸರಿಯಾಗೇ ಇದೆ. ನಿನ್ನ ಕಣ್ಣು ನೋಡ್ಕೊ!"

ನನಗೆ ಅವನೆಂದರೆ ಪ್ರೀತಿಯಾಗಿತ್ತು. ಸುತ್ತಿ ಬಳಸಿ ಹೇಳುವುದೇನಿದೆ? ಬೆಳಿಗ್ಗೆ ಎದ್ದರೆ ಮೊದಲು ಕಂಬಿಯ ಯೋಚನೆ ಬರುತ್ತಿತ್ತು. ಆದರೆ ಅವನು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅವಸರವೇನು ಎಂದು ಇಬ್ಬರಿಗೂ ಅನ್ನಿಸಿರಬೇಕು.

ಫೆಬ್ರವರಿಯಲ್ಲಿ ಝೊರ್ಯಾನಾ ಹೆತ್ತಳು. ಅವಳು ನನ್ನ ಶಾಲೆಯ ಕಾಲದ ಗೆಳತಿ, ಬೊಹ್ದಾನನ ಹೆಂಡತಿ. ಎಷ್ಟೋ ವರ್ಷ ಕಾದು, ಎರಡು ಸಲ ಕಳೆದುಕೊಂಡು, ಕೊನೆಗೆ ಪಡೆದ ಹೆಣ್ಣುಮಗು ಉಸ್ತಿನಾ. ನೋಡಲು ಹೋದಾಗ ಮಗುವನ್ನು ನನ್ನ ಕೈಗಿಟ್ಟು ಹೇಳಿದಳು, "ಓರಿಸ್ಯಾ, ಇವಳಿಗೆ ಜ್ಞಾನತಾಯಿ ನೀನೇ. ಹೂಂ ಅನ್ನು."

ಹೂಂ ಅಂದೆ. ಅತ್ತುಬಿಟ್ಟೆ. ಆಮೇಲೆ ಕೇಳಿದೆ, "ಜ್ಞಾನತಂದೆ ಯಾರೇ?"

"ನಮ್ಮ ಬೊಹ್ದಾನ್ ಫ್ರೆಂಡು. ಟ್ರಾಲಿಬಸ್ ಓಡಿಸ್ತಾನೆ, ಒಸ್ತಾಪ್ ಅಂತ. ಬಹಳ ಒಳ್ಳೆಯವನು ಕಣೇ, ಆಗಲೇ ಒಪ್ಕೊಂಡಿದಾನೆ. ಯಾಕೆ, ಮುಖ ಹಾಗಾಯ್ತು?"

"ಏನಿಲ್ಲ. ಮಗು ಭಾರ ಇದೆ."

ಹೆಣ್ಣುಮಗುವಿಗೆ ಜ್ಞಾನತಾಯಿ ಇರಲೇಬೇಕು. ಝೊರ್ಯಾನಾಳ ಆ ಮುಖ ನೋಡಿ ನಾನು ಹಿಂದೆ ಸರಿಯುವುದು ಸಾಧ್ಯವಿರಲಿಲ್ಲ. ಸರಿಯಬೇಕಾದರೆ ಒಸ್ತಾಪ್ ಸರಿಯಬೇಕು, ಅವನಿಗೋ ಬೇಡ ಎನ್ನಲು ಬಾರದು.

ಎರಡು ದಿನ ಬಿಟ್ಟು ಅವನು ಅಂಗಡಿಗೆ ಬಂದ, ಮುಖ ಅಷ್ಟಗಲ ಮಾಡಿಕೊಂಡು.

"ನಾಲ್ಕನೇದು! ಹುಡುಗಿ. ಈಗಿನ್ನೂ ಹಸುಗೂಸು. ಈ ಸಲ ಚಿನ್ನದ ಅಂಚಿಂದು ಕೇಳಲ್ಲ, ಹೆದರ್ಬೇಡಿ. ವಯಸ್ಸೂ ಹೇಳ್ತೀನಿ, ಸ್ವಭಾವನೂ ಹೇಳ್ತೀನಿ. ಇಡೀ ದಿನ ನಿದ್ದೆ ಮಾಡ್ತಾಳೆ."

ನಾನು ಬಟ್ಟೆಯ ಪುಸ್ತಕ ತೆಗೆದಿಟ್ಟೆ. ಐದೇ ಪುಟ: ಸೂರ್ಯ, ಮೀನು, ಮರ, ಕುರಿ, ತೊಟ್ಟಿಲು. ಒಗೆದರೆ ಹಾಳಾಗುವುದಿಲ್ಲ.

"ಇದರಲ್ಲಿ ಮಾತೇ ಇಲ್ವಲ್ಲ?"

"ಮಾತು ನೀವು ಹೇಳ್ಬೇಕು. ಈ ವಯಸ್ಸಿಗೆ ಬೈಬಲ್ ಅಂದ್ರೆ ಎತ್ಕೊಂಡೋರ ದನಿ, ಅಷ್ಟೇ."

"ಜ್ಞಾನತಾಯಿ ಯಾರೋ ನಂಗೆ ಗೊತ್ತಿಲ್ಲ. ಅವರೂ ಇದನ್ನೇ ತಂದುಬಿಟ್ರೆ?"

"ತರಲ್ಲ."

"ನಿಮಗೆ ಹೇಗೆ ಗೊತ್ತು?"

"ಜ್ಞಾನತಾಯಿ ನಾನೇ."

ಅವನು ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಮುಖದ ಬಣ್ಣ ಇಳಿದುಹೋಯಿತು. ನಾನು ನೇರ ಅವನ ಕಣ್ಣನ್ನೇ ನೋಡಿದೆ. ಏನಾದರೂ ಹೇಳು ಮಹಾರಾಯ, ಈಗಲಾದರೂ ಹೇಳು ಎಂದು ಮನಸ್ಸಿನಲ್ಲೇ ಕಿರುಚಿದೆ.

"ನಾನು ಮಾತು ಕೊಟ್ಟಾಗಿದೆ" ಎಂದ.

"ನಾನೂ ಕೊಟ್ಟಿದೀನಿ."

"ಬೊಹ್ದಾನ್ ನನ್ನ ತಮ್ಮ ಇದ್ದ ಹಾಗೆ."

"ನಾನೇನೂ ಕೇಳಿಲ್ವಲ್ಲ ನಿಮ್ಮನ್ನ."

ಪುಸ್ತಕ ಕೊಳ್ಳದೆ ಹೊರಟುಹೋದ. ಅಂದಿನಿಂದ ಟ್ರಾಲಿಬಸ್ ನಮ್ಮ ಕಿಟಕಿಯ ಮುಂದೆ ಸರಾಗವಾಗಿ ಓಡಿತು, ಕಂಬಿ ಒಮ್ಮೆಯೂ ಜಾರಲಿಲ್ಲ. ಊರಿನ ಎಲ್ಲರಿಗೂ ಹೂಂ ಎನ್ನುವ ಗಂಡಸನ್ನು ಪ್ರೀತಿಸಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ದೀಕ್ಷಾಸ್ನಾನದಲ್ಲಿ ಮಗುವಿಗೆ ಹೊದಿಸುವ ಬಿಳಿ ವಸ್ತ್ರ ಜ್ಞಾನತಾಯಿಯೇ ತರಬೇಕು. ಅದರ ಅಂಚಿಗೆ ಕಸೂತಿ ಹಾಕುತ್ತ ಎಷ್ಟು ಸಲ ಬೆರಳು ಚುಚ್ಚಿಕೊಂಡೆನೋ.

ದೀಕ್ಷಾಸ್ನಾನದ ಭಾನುವಾರ ಚರ್ಚಿನಲ್ಲಿ ನೀರು ಬೆಚ್ಚಗೆ ಹಬೆಯಾಡುತ್ತಿತ್ತು. ಉಸ್ತಿನಾ ನನ್ನ ತೋಳಲ್ಲಿ ಮಲಗಿದ್ದಳು. ಒಸ್ತಾಪ್ ಎಲ್ಲರಿಗಿಂತ ಕೊನೆಗೆ ಬಂದ. ಜ್ಞಾನತಂದೆ ಶಿಲುಬೆ ತರುವುದು ವಾಡಿಕೆ. ಅವನ ಕೈ ಖಾಲಿಯಾಗಿತ್ತು.

"ಶಿಲುಬೆ ಎಲ್ಲೋ? ಮರೆತ್ಯಾ?" ಎಂದ ಬೊಹ್ದಾನ್.

"ಮರೆತಿಲ್ಲ. ನಾನು ನಿಲ್ಲಲ್ಲ, ಬೊಹ್ದಾನ್."

ಬೊಹ್ದಾನನ ಮುಖ ಕೆಂಪಾಯಿತು. "ಏನಂದೆ? ನನ್ನ ಮಗಳು ನಿಂಗೇನೋ ಮಾಡಿದ್ಲು?"

"ಅವಳೇನೂ ಮಾಡಿಲ್ಲ. ಅವಳನ್ನ ಎತ್ಕೊಂಡಿದಾಳಲ್ಲ, ಇವಳು ಮಾಡಿರೋದು." ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಅವನು ಮಾತು ನಿಲ್ಲಿಸಲಿಲ್ಲ. "ಈಗ ಪಕ್ಕ ನಿಂತ್ರೆ ಇವಳು ನಂಗೆ ಕೂಮಾ ಆಗ್ತಾಳೆ. ನಂಗೆ ಇವಳು ಕೂಮಾ ಬೇಡ. ಹೆಂಡತಿ ಆಗ್ಬೇಕು. ಒಪ್ತಾಳೋ ಇಲ್ವೋ ಗೊತ್ತಿಲ್ಲ, ಇನ್ನೂ ಕೇಳೇ ಇಲ್ಲ. ಒಪ್ಪದೇ ಇದ್ರೂ ನಿಲ್ಲಲ್ಲ. ನೀನು ಹೊಡೆಯೋದಾದ್ರೆ ಹೊಡಿ."

ಝೊರ್ಯಾನಾ ನನ್ನ ಭುಜ ಹಿಡಿದು ಅಲುಗಿಸಿದಳು. "ಅಯ್ಯೋ ಕತ್ತೆ, ಒಂದು ಮಾತು ಹೇಳಬಾರದಿತ್ತೇನೇ ನಂಗೆ? ಈಗ್ಲಾದ್ರೂ ಬಾಯಿ ಬಿಡು!"

"ಮೊದಲು ಮಗು" ಎಂದೆ.

"ಸರಿಯಾಗಿ ಹೇಳಿದೆ" ಎಂದರು ಫಾದರ್ ಒನೂಫ್ರಿ. "ಹುಡುಗಿಗೆ ಜ್ಞಾನತಾಯಿ ಒಬ್ಬಳಿದ್ರೆ ಸಾಕು. ಬೊಹ್ದಾನ್, ಮುಷ್ಟಿ ಬಿಚ್ಚು. ಆ ಶಿಲುಬೆ ನಾನೇ ಕೊಡ್ತೀನಿ. ನೀರು ತಣ್ಣಗಾಗ್ತಿದೆ."

ಸೈತಾನನನ್ನು ತೊರೆಯುತ್ತೀಯಾ ಎಂದು ಅವರು ಕೇಳಿದರು, ತೊರೆಯುತ್ತೇನೆ ಎಂದು ಮಗುವಿನ ಪರವಾಗಿ ಹೇಳಿದೆ. ವಿಶ್ವಾಸಪ್ರಮಾಣದ ಪ್ರಾರ್ಥನೆ ಹೇಳುವಾಗ ಎರಡು ಕಡೆ ತಡವರಿಸಿದೆ, ಫಾದರ್ ಕೇಳಿಸದಂತೆ ನಟಿಸಿದರು. ಉಸ್ತಿನಾ ನೀರು ತಾಗಿದೊಡನೆ ಚರ್ಚು ಹಾರಿಹೋಗುವಂತೆ ಕಿರುಚಿದಳು. ಬಿಳಿ ವಸ್ತ್ರದಲ್ಲಿ ಸುತ್ತಿ ಎದೆಗೊತ್ತಿಕೊಂಡಾಗ ಸುಮ್ಮನಾದಳು. ಅವಳನ್ನು ಝೊರ್ಯಾನಾಳ ಕೈಗಿತ್ತು ಹೊರಗೆ ಬಂದೆ.

ಒಸ್ತಾಪ್ ಮೆಟ್ಟಿಲ ಕೆಳಗೆ ಹಿಮದಲ್ಲಿ ಬರಿತಲೆಯಲ್ಲಿ ನಿಂತಿದ್ದ.

"ಕೇಳಿ" ಎಂದೆ.

"ಏನನ್ನ?"

"ಇನ್ನೂ ಕೇಳಿಲ್ಲ ಅಂತ ಒಳಗೆ ಅಷ್ಟು ಜನರ ಮುಂದೆ ಹೇಳಿದ್ರಲ್ಲ. ಈಗ ಕೇಳಿ."

ಅವನು ಒಂದು ಮೆಟ್ಟಿಲು ಹತ್ತಿ ಬಂದ. "ಓರಿಸ್ಯಾ, ನನ್ನ ಮದುವೆ ಆಗ್ತೀಯಾ?"

ಏಕವಚನ ಅವತ್ತೇ ಮೊದಲು. ನನಗೆ ಅಳು, ನಗು ಎರಡೂ ಒಟ್ಟಿಗೆ ಬಂತು.

"ಆಗ್ತೀನಿ" ಎಂದೆ. "ಈ ಚಳಿಗಾಲ ಶುರುವಾದಾಗಿಂದ ಕಾಯ್ತಾ ಇದೀನಿ ಮಾರಾಯ. ನೀನು ಯಾರಿಗಾದ್ರೂ ಬೇಡ ಅಂದಿದ್ದು ಇದೇ ಮೊದಲಲ್ವಾ?"

ಅವನು ನನ್ನ ಎರಡೂ ಕೈ ಹಿಡಿದ. ಅವನ ಕೈ ಮಂಜಿನಷ್ಟು ತಣ್ಣಗಿತ್ತು. ಹಿಂದೆ ಬಾಗಿಲು ಕಿರುಗುಟ್ಟಿತು. ಬೊಹ್ದಾನ್ ಹೊರಗೆ ಬಂದು, ನಮ್ಮ ಕಡೆ ನೋಡದೆ, ಬೀದಿಯ ಕಡೆ ಮುಖ ಮಾಡಿ ನಿಂತ. ಇನ್ನೂ ಸಿಟ್ಟು ಇಳಿದಿರಲಿಲ್ಲ, ಒಸ್ತಾಪ್ ನನ್ನ ಕೈ ಇನ್ನಷ್ಟು ಬಿಗಿಯಾಗಿ ಹಿಡಿದ.

"ಮನೇಲಿ ಊಟ ಆರ್ತಾ ಇದೆ" ಎಂದ ಬೊಹ್ದಾನ್. "ಬರ್ತೀಯೋ, ಇಲ್ಲ ಅದಕ್ಕೂ ಬೇಡ ಅಂತೀಯೋ?"

"ಬರ್ತೀವಿ" ಎಂದ ಒಸ್ತಾಪ್.