ನಲವತ್ತೇಳು ದೀಪ, ಎರಡು ಚೌಕ

"ನಾನು ಕದ್ದಿಲ್ಲ ಟೀಚರಮ್ಮ! ನಾಳೆಯೊಳಗೆ ರೂಮು ಖಾಲಿ ಮಾಡು ಅಂದ್ಬುಟ್ರು. ಮುಂದಿನ ವಾರ ಪರೀಕ್ಷೆ, ಎಲ್ಲಿಗೆ ಹೋಗ್ಲಿ?"

ನನ್ನ ಗೆಳತಿ ಗಿರಿಜಾಂಬಾಳ ಮನೆ ಬಾಗಿಲಲ್ಲೇ ನಿಂತು ಸಂಘಮಿತ್ರ ಅತ್ತಳು. ಎಂ.ಎಸ್ಸಿ. ಗಣಿತ ಓದುತ್ತಿದ್ದ ಆ ಹುಡುಗಿ ಜಯಲಕ್ಷ್ಮಿಪುರಂನಲ್ಲಿ ನಮ್ಮ ಎದುರುಮನೆ ಶಿವಮಲ್ಲಪ್ಪನವರ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದಳು. "ನಿನ್ನ ದ್ವಿಘಾತ ರೂಪಗಳಿಂದ, ಆ ವರ್ಗಸಂಖ್ಯೆ ಕೂಡೋ ಲೆಕ್ಕದಿಂದ, ಯಾರ ಮನೆ ದೀಪ ಹತ್ತುತ್ತಮ್ಮ?" ಎಂದು ನಾನೇ ಅವಳನ್ನು ರೇಗಿಸುತ್ತಿದ್ದೆ. ಅದು ೧೯೯೮ರ ಕಾರ್ತಿಕ.

ಗಿರಿಜಾಂಬಾ ನಿವೃತ್ತ ಗಣಿತದ ಟೀಚರು. ನಮ್ಮ ಬೀದಿಯಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಅವಳಿಗೆ ಸುದ್ದಿ ಹೋಗುತ್ತಿತ್ತು. "ನಡಿಯೇ ಸುಮಿತ್ರಾ," ಎಂದು ಚಪ್ಪಲಿ ಮೆಟ್ಟಿದಳು. ನನ್ನ ಕಾಫಿ ಅಲ್ಲೇ ಆರಿತು.

ಶಿವಮಲ್ಲಪ್ಪನವರು ಕೆಂಡವಾಗಿದ್ದರು. "ಅಜ್ಜಿ ಕಾಲದ ನಲವತ್ತೇಳು ಬೆಳ್ಳಿ ದೀಪ ಕಣ್ರೀ. ನಿನ್ನೆ ಸೋಮವಾರದ ಪೂಜೆ ಮುಗಿಸಿ ಎಲ್ಲರೂ ನಂಜನಗೂಡಿಗೆ ಹೋದ್ವಿ. ಕೀಲಿ ಈ ಹುಡುಗಿ ಹತ್ರ ಇತ್ತು. ಬೆಳಿಗ್ಗೆ ಬಂದು ನೋಡಿದ್ರೆ ನಲವತ್ತೈದೇ!"

ಮರದ ಪೆಟ್ಟಿಗೆಯಲ್ಲಿ ದೀಪಕ್ಕೊಂದು ಗುಳಿ. ಎರಡು ಗುಳಿ ಖಾಲಿ.

"ನಿನ್ನೆ ಜೋಡಿಸಿದ್ದು ಯಾರು?" ಎಂದಳು ಗಿರಿಜಾಂಬಾ.

"ನಾನೇ," ಎಂದ ಅವರ ಭಾಮೈದ ಸಿದ್ದಲಿಂಗಸ್ವಾಮಿ. "ಬೇರೆ ಯಾರಿಗೂ ಪೆಟ್ಟಿಗೆ ಮುಟ್ಟೋಕೆ ಬಿಡಲಿಲ್ಲ. ಲಿಂಗದ ಮುಂದೆ ದೊಡ್ಡ ಚೌಕ, ಬಸವಣ್ಣನ ಮುಂದೆ ಚಿಕ್ಕದು. ನಲವತ್ತೇಳೂ ಇಟ್ಟೆ, ಪೆಟ್ಟಿಗೆ ಬರಿದಾಯ್ತು."

ಪೂಜೆಗೆ ನಾನೂ ಹೋಗಿದ್ದೆ. ಎರಡೂ ತುಂಬು ಚೌಕಗಳೇ, ಎಷ್ಟು ಸಾಲೋ ಸಾಲಿಗೆ ಅಷ್ಟೇ ದೀಪ. ಒಂದು ದೀಪವೂ ಸಾಲು ತಪ್ಪಿರಲಿಲ್ಲ, ಪೆಟ್ಟಿಗೆಯೂ ಬರಿದಾಗಿತ್ತು. ಅಷ್ಟು ಚೆಂದ ಕಂಡಾಗ ಎಣಿಸುವವರು ಯಾರು?

ಗಿರಿಜಾಂಬಾ ಎಲ್ಲರನ್ನೂ ದೇವರಮನೆಯಲ್ಲಿ ಕೂರಿಸಿ, ಒಂದು ಹಿಡಿ ಕಡಲೆಕಾಳು ತರಿಸಿದಳು. ನೆಲದ ಮೇಲೆ ಚೌಕಗಳನ್ನು ಇಟ್ಟಳು.

"ಸಾಲಿಗೆ ಎರಡು, ನಾಲ್ಕು, ಆರು ಹೀಗೆ ಸಮಸಂಖ್ಯೆ ಇದ್ರೆ, ಆ ಚೌಕದಿಂದ ನಾಲ್ಕುನಾಲ್ಕೇ ಎತ್ತುತ್ತಾ ಹೋದಾಗ ಏನೂ ಮಿಗಲ್ಲ. ಬೆಸ ಇದ್ರೆ ಒಂದು ಮಿಗುತ್ತೆ. ಮುಂದಿಂದು ನೀನೇ ಹೇಳು ಕಣಮ್ಮ, ನಿನ್ನ ಪಾಠ ತಾನೆ?"

ಸಂಘಮಿತ್ರ ಕಾಳುಗಳನ್ನೇ ದಿಟ್ಟಿಸಿದಳು. ಕಣ್ಣೀರು ಅಲ್ಲಿಗೇ ನಿಂತಿತು.

"ಎರಡು ಚೌಕ ಸೇರಿದ್ರೆ ಮಿಗೋದು ಸೊನ್ನೆ, ಒಂದು, ಇಲ್ಲಾ ಎರಡು. ಮೂರು ಮಿಗೋಕೆ ಸಾಧ್ಯವೇ ಇಲ್ಲ. ನಲವತ್ತೇಳರಲ್ಲಿ ಮೂರು ಮಿಗುತ್ತೆ! ನಲವತ್ತೇಳು ದೀಪದಲ್ಲಿ ಎರಡು ಚೌಕ ಆಗೋದೇ ಇಲ್ಲ ಟೀಚರಮ್ಮ!"

"ನಲವತ್ತೈದಾದ್ರೆ?"

"ಆರಾರಲ ಮೂವತ್ತಾರು, ಮೂರ್ಮೂರಲ ಒಂಬತ್ತು. ಸರಿಯಾಗುತ್ತೆ."

"ನಿನ್ನೆ ಎರಡೂ ಚೌಕ ತುಂಬಿದ್ವು, ಸುಮಿತ್ರಾನೇ ನೋಡಿದ್ದಾಳೆ. ಅಂದ್ರೆ ಕೀಲಿ ಇವಳ ಕೈಗೆ ಬರೋ ಮೊದಲೇ ಎರಡು ದೀಪ ಇರಲಿಲ್ಲ," ಎಂದಳು ಗಿರಿಜಾಂಬಾ. "ಅಷ್ಟರೊಳಗೆ ಪೆಟ್ಟಿಗೆ ಮುಟ್ಟಿದವರು ಒಬ್ಬರೇ. ನಲವತ್ತೇಳೂ ಇಟ್ಟೆ ಅಂತ ಸುಳ್ಳು ಹೇಳಿದ್ದೂ ಅವರೇ."

ಸಿದ್ದಲಿಂಗಸ್ವಾಮಿ ತಲೆ ತಗ್ಗಿಸಿದ. "ತೊಳೆಯುವಾಗ ಕೈಜಾರಿ ಎರಡರ ಕಾಲು ಮುರೀತು ಭಾವ. ನಿಮಗೆ ಹೆದರಿ, ಗುಟ್ಟಾಗಿ ಬೆಸುಗೆ ಹಾಕ್ಸೋಕೆ ಅಕ್ಕಸಾಲಿಗನಿಗೆ ಕೊಟ್ಟೆ. ಚೌಕ ತುಂಬಿದ್ರೆ ಯಾರೂ ಎಣಿಸಲ್ಲ ಅಂದ್ಕೊಂಡೆ."

ನನಗೆ ಮೈ ಉರಿಯಿತು. "ದೀಪಕ್ಕೆ ಬೆಸುಗೆ ಹಾಕಿಸ್ತೀಯ, ಹುಡುಗಿ ಮಾನಕ್ಕೆ?" ಎಂದೇ ಬಿಟ್ಟೆ. ಅವನು ಎದ್ದು ಕೈಮುಗಿದ. ಶಿವಮಲ್ಲಪ್ಪನವರು ಅವನಿಗಿಂತ ಮೊದಲೇ ಕೈಮುಗಿದಿದ್ದರು. "ರೂಮು ನಿಂದೇ ಕಣಮ್ಮ. ಮುಂದಿನ ಸೋಮವಾರ ದೀಪ ಜೋಡಿಸೋಳೂ ನೀನೇ."

ಸೋಮವಾರದ ಹೊತ್ತಿಗೆ ಎರಡು ದೀಪಗಳೂ ರಿಪೇರಿಯಾಗಿ ಬಂದಿದ್ದವು. ಸಂಘಮಿತ್ರ ಎರಡು ಚೌಕ ಜೋಡಿಸಿದಳು. ಮಿಕ್ಕ ಎರಡರಲ್ಲಿ ಒಂದನ್ನು ಹೊಸ್ತಿಲಲ್ಲಿಟ್ಟಳು.

"ಎರಡು ಮಿಕ್ಕವಲ್ಲೇ?" ಎಂದೆ.

"ಮಿಕ್ಕಿಲ್ಲ ಸುಮಿತ್ರಮ್ಮ, ಒಂಟಿ ದೀಪವೂ ಒಂದು ಚೌಕವೇ. ಎಷ್ಟೇ ದೀಪ ಇರಲಿ, ನಾಲ್ಕು ಚೌಕದೊಳಗೆ ಎಲ್ಲಕ್ಕೂ ಜಾಗ ಆಗುತ್ತೆ."

ಕೊನೆಯ ದೀಪವನ್ನು ಹಿಡಿದು ಅವಳು ಮಹಡಿ ಹತ್ತಿದಳು, ತನ್ನ ಕೋಣೆಯ ಬಾಗಿಲಿಗೆ.