ಮುಂಚೆಯೇ ಮುಗಿಸಿಟ್ಟ ಅಡುಗೆ

ಜೀಪಿನ ಸದ್ದು ಕೇಳಿದ್ದೇ ತಡ, ಹೇಮಶ್ರೀಯ ಕೈಯಲ್ಲಿದ್ದ ಚಾಕು ಈರುಳ್ಳಿಯ ಮೇಲೆ ಹಾಗೇ ನಿಂತುಬಿಟ್ಟಿತು.

ಆ ಸದ್ದು ಅವಳಿಗೆ ಗೊತ್ತು. ಏರು ಹತ್ತುವಾಗ ಒಮ್ಮೆ ಕೆಮ್ಮಿ, ಆಮೇಲೆ ಹಟ ಹಿಡಿದು ಗುಡುಗುವ ಸದ್ದು. ಹೆಗ್ಗದ್ದೆಯ ಈ ದಾರಿಯಲ್ಲಿ ಅದು ಕೇಳಿ ಹೆಚ್ಚುಕಡಿಮೆ ವರ್ಷವೇ ಆಗಿತ್ತು.

'ಅವನಲ್ಲ... ಅವನ್ಯಾಕೆ ಇಲ್ಲಿಗೆ ಬರ್ತಾನೆ?'

ಬಂದೇಬಿಟ್ಟ! ಹೆಗಲ ಮೇಲೆ ಗ್ಯಾಸ್ ಸಿಲಿಂಡರ್ ಹೊತ್ತ ಧರ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು. ಪ್ರತಿ ಡಿಸೆಂಬರಿನಲ್ಲೂ ಕೊರಳಲ್ಲಿರುತ್ತಿದ್ದ ಅಯ್ಯಪ್ಪನ ಮಾಲೆ ಈ ಸಲ ಇರಲಿಲ್ಲ. ಇರುವ ಹಾಗೂ ಇಲ್ಲ, ತಾಯಿ ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ.

"ಸೆವ್ರಿನ್ ಬಾಯಿ ಫೋನ್ ಮಾಡಿದ್ರು. ಗೆಸ್ಟುಗಳ್ನ ಸುತ್ತಾಡ್ಸೋಕೆ ಜೀಪ್ ಬೇಕಂತೆ," ಅಂದ ಅವನು, ಗೋಡೆಯನ್ನು ನೋಡುತ್ತಾ. "ಹಬ್ಬ ಮುಗಿಯೋವರ್ಗೂ ಇರ್ತೀನಿ."

"ಹೂಂ..."

"ಸಿಲಿಂಡ್ರು ಎಲ್ಲಿಡ್ಲಿ?"

"ಅಲ್ಲೇ ಇಡಿ."

ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆದರೆ ಅಡುಗೆಯವಳ ನಾಲಿಗೆ ನೋಡಿ, ಎದುರಿಗೆ ಯಾರು ಬಂದು ನಿಂತರೂ ಅದಕ್ಕೆ ಬರುವುದು ಒಂದೇ ಮಾತು.

"ಊಟ ಆಯ್ತಾ?"

ಕೇಳಿದ ಮೇಲೆ ತಾನೇ ಬೆಚ್ಚಿಬಿದ್ದಳು. ಅಯ್ಯೋ! ಲೋಕದಲ್ಲಿ ಬೇರೆ ಪ್ರಶ್ನೆಯೇ ಇರಲಿಲ್ಲವೇ?

ಧರ್ಮನ ಮುಖ ಬಿಳಿಚಿಕೊಂಡಿತು. "ಹಸಿವಿಲ್ಲ," ಅಂದವನೇ ಹೊರಟುಹೋದ.

'ನನ್ನ ಕೈಯ ಅನ್ನ ಇನ್ನು ಅವನಿಗೆ ವಿಷ...' ಕಣ್ಣು ತುಂಬಿತು. ಈರುಳ್ಳಿ ಮುಂದೆಯೇ ಇತ್ತಲ್ಲ, ಅಳುವುದಕ್ಕೆ ಬೇರೆ ನೆಪ ಹುಡುಕಬೇಕಿರಲಿಲ್ಲ.

ಆಗಿದ್ದು ಇಷ್ಟು. ಸೆವ್ರಿನ್ ಬಾಯಿ ತಮ್ಮ ಎಸ್ಟೇಟ್ ಮನೆಯನ್ನು ಹೋಂಸ್ಟೇ ಮಾಡಿದ ಮೇಲೆ ಬಂದ ಮೊದಲ ಕ್ರಿಸ್‌ಮಸ್ ಹೋದ ವರ್ಷದ್ದು. ಮನೆ ತುಂಬ ಗೆಸ್ಟುಗಳು. ಹಂದಿ ಮಾಂಸ, ಕೋಳಿ, ಪಲಾವು, ಇಡ್ಲಿಯಂಥ ಸಾನ್ನಾ, ಕೇಕು... ಎಲ್ಲವೂ ಒಂದೇ ದಿನ, ಎಲ್ಲಕ್ಕೂ ಹೇಮಶ್ರೀಯ ಎರಡೇ ಕೈ!

ಆ ಮನೆಯ ಗೆಸ್ಟುಗಳಿಗೆ ಜೀಪ್ ಓಡಿಸುತ್ತಿದ್ದ ಧರ್ಮ ಆಗ ಮಾಲೆ ಹಾಕಿದ್ದ. ತಾಯಿ ನಂಜಮ್ಮನಿಗೆ ಉಸಿರಾಟದ ಕಾಯಿಲೆ, ಅವ್ವ ಹುಷಾರಾಗಲಿ ಅಂತ ಹರಕೆ. ಶಬರಿಮಲೆಯಿಂದ ಬಂದ ಮೇಲೆ ಅವ್ವನನ್ನು ಕರೆದುಕೊಂಡು ಹೆಣ್ಣು ಕೇಳಲು ಬರುತ್ತೇನೆಂದು ಹೇಮಶ್ರೀಗೆ ಮಾತು ಕೊಟ್ಟಿದ್ದ. ವ್ರತದಲ್ಲಿದ್ದವನು ಬಾಡು ಬೇಯುವ ಮನೆಯಲ್ಲಿ ಉಣ್ಣುವಂತಿಲ್ಲ. ದಿನವೂ ತನ್ನ ಬುತ್ತಿ ತಾನೇ ತರುತ್ತಿದ್ದ. ಅವತ್ತು ಮಾತ್ರ ನಸುಕಿನಲ್ಲೇ ಗೆಸ್ಟುಗಳನ್ನು ಹತ್ತಿಸಿಕೊಂಡು ಹೋಗಿ, ಬರಿಹೊಟ್ಟೆಯಲ್ಲಿ ಸೋತು ಬಂದಿದ್ದ.

"ಸ್ವಾಮಿಗೆ ಅಂತ್ಲೇ ಹಿತ್ತಲಲ್ಲಿ ಬೇರೆ ಒಲೆ ಹೂಡಿದ್ದೀನಿ. ಪಾತ್ರೆನೂ ಹೊಸದು. ಒಂದೆರಡು ತುತ್ತು ಉಣ್ಣಿ..." ಅಂತ ಕಾಡಿಬೇಡಿ ಕೂರಿಸಿದವಳು ಅವಳೇ. ಬಿಸಿ ಅನ್ನ, ಕಡಲೆಕಾಳಿನ ಸಾರು ಬಡಿಸಿದವಳೂ ಅವಳೇ.

ಅವನು ಎಲೆ ಎತ್ತಿಕೊಂಡು ಹೋದ ಮೇಲೆ ನೋಡುತ್ತಾಳೆ, ಕಡಲೆ ಸಾರಿನ ಪಾತ್ರೆಯಲ್ಲಿ ಹಂದಿ ಮಾಂಸದ ಸೌಟು! ಒಳಗಿನ ಒಲೆಗೂ ಹೊರಗಿನ ಒಲೆಗೂ ಓಡಾಡುವ ಗಡಿಬಿಡಿಯಲ್ಲಿ ಕೈಯಲ್ಲೇ ಬಂದುಬಿಟ್ಟಿತ್ತು. ಅದರ ತಳದಲ್ಲಿ ಕೊಬ್ಬಿನ ಚೂರೊಂದು ಅಂಟಿಕೊಂಡಿತ್ತು.

ಓಡಿಹೋಗಿ ಅಳುತ್ತಾ ಹೇಳಿದಳು. ಧರ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಮುಖವನ್ನೂ ನೋಡದೆ ಬಾವಿಕಟ್ಟೆಗೆ ಹೋಗಿ, ಕೊಡಗಟ್ಟಲೆ ತಣ್ಣೀರು ಸುರಿದುಕೊಂಡು ಹೊರಟುಹೋದ.

ಅವನು ಇರುಮುಡಿ ಕಟ್ಟುವ ಮೊದಲೇ ನಂಜಮ್ಮ ಕಣ್ಣು ಮುಚ್ಚಿದಳು. ಹೇಮಶ್ರೀ ಸಾವಿನ ಮನೆಯ ಅಂಗಳದವರೆಗೆ ಹೋದಳು. ಒಳಗೆ ಕಾಲಿಡುವ ಧೈರ್ಯವಾಗದೆ ತಿರುಗಿ ಬಂದಳು. ಧರ್ಮ ಬಿಸಿಲೆ ಘಾಟಿಯ ಕಡೆ ಜೀಪ್ ಓಡಿಸುತ್ತಿದ್ದಾನಂತೆ ಅನ್ನುವ ಸುದ್ದಿ ಬಂತು. ಅವನು ಬರಲಿಲ್ಲ.

'ನಾನೇ ಕೊಂದೆ... ಅವನ ಅವ್ವನ್ನ ನಾನೇ ಕೊಂದೆ...' ಬೇರೆ ಯಾರಿಗೂ ಹೇಳಲಾರದ ಈ ಮಾತನ್ನು ಅವಳು ವರ್ಷವಿಡೀ ತನಗೆ ತಾನೇ ಹೇಳಿಕೊಂಡಳು.

ಅದಕ್ಕೇ ಈ ಸಲದ ಹಟ. ಹಬ್ಬದ ದಿನ ಒಲೆಯ ಮುಂದೆ ಯಾರೂ ಓಡಬಾರದು! ಕೇಕಿನ ಒಣದ್ರಾಕ್ಷಿ, ಗೋಡಂಬಿ ನವೆಂಬರಿನಲ್ಲೇ ರಮ್ಮಿನಲ್ಲಿ ನೆನೆದವು. ಚಕ್ಕುಲಿ, ಕರ್ಜಿಕಾಯಿ ಡಬ್ಬ ಸೇರಿದವು. ಅರೆದ ಮಸಾಲೆ ಫ್ರಿಜ್ಜಿಗೆ ಹೋಯಿತು. ಹಂದಿ ಮಾಂಸಕ್ಕೆ ವಿನೆಗರ್ ಹಾಕಿ ಮೊದಲೇ ಬೇಯಿಸಿ, ದಿನಕ್ಕೊಮ್ಮೆ ಕುದಿಸಿಡುವುದು ಬಾಯಿಯ ತವರಿನ ಕ್ರಮ, ಇಟ್ಟಷ್ಟೂ ರುಚಿ ಹೆಚ್ಚುತ್ತದಂತೆ. ಅದೂ ಆಯಿತು. ತರಕಾರಿ ಪಾತ್ರೆಗಳಿಗೆ ಬೇರೆ ಕಪಾಟು. ಸೌಟುಗಳ ಹಿಡಿಗೆ ಬೇರೆ ಬೇರೆ ಬಣ್ಣದ ದಾರ.

"ಎಂಥ ಮಾರಾಯ್ತಿ! ಹಬ್ಬದ ದಿವಸ ಕೆಲಸವೇ ಇಲ್ಲದ ಹಾಗೆ ಮಾಡಿ ಇಟ್ಟಿದ್ದಿ," ಅಂತ ಸೆವ್ರಿನ್ ಬಾಯಿ ಬೆರಗಾದರು. "ಇನ್ನು ಆರಾಮ ಕೂತ್ಕೊ."

ಕ್ರಿಸ್‌ಮಸ್ ಬೆಳಗ್ಗೆ ಬಾಯಿ ಗೆಸ್ಟುಗಳ ಕಾರಿನಲ್ಲೇ ಸಕಲೇಶಪುರದ ಚರ್ಚಿಗೆ ಹೋದರು. ಮನೆ ನಿಶ್ಶಬ್ದವಾಯಿತು. ಹೇಮಶ್ರೀ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದಳು. ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ಆಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ.

ಆರಾಮವಂತೆ, ಆರಾಮ! ಪಾಪದ ಹುಡುಗಿ ಇಷ್ಟು ದಿನ ಕೆಲಸದ ಹಿಂದೆ ಅಡಗಿ ಕೂತಿದ್ದಳು. ಕೆಲಸ ಮುಗಿದದ್ದೇ ತಡ, ದುಃಖ ನೇರವಾಗಿ ಬಂದು ಎದುರಿಗೆ ಕೂತಿತು. ಎಷ್ಟು ದಾರ ಕಟ್ಟಿದರೂ ಹೋದ ವರ್ಷದ ಆ ಮಧ್ಯಾಹ್ನ ಸರಿಹೋಗುವುದಿಲ್ಲ. ಯಾವ ಎಚ್ಚರಿಕೆಯೂ ನಂಜಮ್ಮನನ್ನು ಎಬ್ಬಿಸುವುದಿಲ್ಲ. 'ನಾನು ಯಾಕಾದ್ರೂ ಬದುಕಿದ್ದೀನೋ...' ಅವಳು ನೆಲದ ಮೇಲೆ ಕುಸಿದು ಕೂತಳು.

"ಹೇಮಾ... ಒಂಚೂರು ನೀರು ಕೊಡ್ತೀಯಾ?"

ಬಾಗಿಲಲ್ಲಿ ಧರ್ಮ!

ಅವಳು ಏಳಲಿಲ್ಲ. "ನನ್ ಕೈಯಿಂದ ಕುಡೀತೀರಾ?"

"ಯಾಕ್ ಹಂಗ್ ಕೇಳ್ತೀಯಾ?"

"ಇನ್ ಹೆಂಗ್ ಕೇಳ್ಲಿ? ನಿಮ್ ವ್ರತ ಕೆಡಿಸ್ದೋಳು ನಾನು! ನಿಮ್ಮವ್ವನ್ನ ನಾನೇ..."

"ನಿಲ್ಸು!" ಅವನ ದನಿ ಒಡೆಯಿತು. "ವ್ರತ ಕೆಡಿಸ್ದೋಳು ನೀನಲ್ಲ ಕಣೇ. ಕೆಡಿಸ್ಕೊಂಡೋನು ನಾನು. ನಂಗ್ ಗೊತ್ತಿತ್ತು."

"ಏನ್ ಗೊತ್ತಿತ್ತು?"

"ಮೊದ್ಲನೇ ತುತ್ತಿಗೇ ಬಾಡಿನ ಚೂರು ಸಿಕ್ತು. ಆ ವಿನೆಗರ್ ಹುಳಿ ಗೊತ್ತಾಗ್ದೆ ಇರ್ತೈತಾ? ಉಗೀಬೇಕು ಅಂತ ತಲೆ ಎತ್ತಿದೆ. ನೀನು ವೇಲಲ್ಲಿ ಬೆವರು ಒರೆಸ್ಕೊಂಡು, 'ಉಪ್ಪು ಸರಿ ಐತಾ ಸ್ವಾಮಿ' ಅಂತ ನಗ್ತಾ ನಿಂತಿದ್ದೆ. ಬೆಳಗಿಂದ ಕೂತಿರ್ಲಿಲ್ಲ ನೀನು. ಅಲ್ಲಿ ಉಗಿದಿದ್ರೆ ನೀನು ತಡ್ಕೋತಿರ್ಲಿಲ್ಲ... ನುಂಗ್ಬುಟ್ಟೆ. ಎಲೆಲಿದ್ದಿದ್ದು ಪೂರ್ತಿ ಉಂಡೆ."

ಹೇಮಶ್ರೀ ತಲೆ ಎತ್ತಿ ಅವನ ಮುಖ ನೋಡಿದಳು.

"ಅವ್ವನ ಹರಕೆಗಿಂತ ನಿನ್ ನಗು ಹೆಚ್ಚಾಯ್ತು ನಂಗೆ. ಅವ್ವ ಹೋಗ್ಬುಟ್ಳು. ಚಳಿಗಾಲ ಕಳೆಯೋದು ಕಷ್ಟ ಅಂತ ಡಾಕ್ಟ್ರು ಮೊದ್ಲೇ ಅಂದಿದ್ರು, ಆದ್ರೂ ಮನ್ಸು ಕೇಳ್ಬೇಕಲ್ಲ? ನಾನೇ ಕೊಂದೆ ಅನ್ಕೊಂಡೆ."

"ಅವತ್ತೇ ಒಂದ್ ಮಾತು ಹೇಳ್ಬಾರ್ದಿತ್ತಾ?" ಅವಳು ಚೀರಿದಳು. "ವರ್ಷ ಪೂರ್ತಿ ನಾನು ಸಾಯ್ತಾ ಇದ್ದೆ!"

"ಹೆಂಗ್ ಹೇಳ್ಲಿ? ನಿನ್ ಮುಖ ನೋಡೋಕೇ ಭಯ. ಸಿಟ್ಟಲ್ಲ ಹೇಮಾ. ಅಂಥ ಹೊತ್ತು ಮತ್ತೆ ಬಂದ್ರೂ ನಾನು ನುಂಗೇ ನುಂಗ್ತೀನಿ... ಅದು ಗೊತ್ತಿದ್ದೇ ಭಯ."

ಹೊರಗೆ ಕಣದಲ್ಲಿ ಯಾರೋ ಕಾಫಿ ಹಣ್ಣು ಕೆದಕುತ್ತಿದ್ದ ಸದ್ದು ಕೇಳುತ್ತಿತ್ತು. ಸತ್ತವಳು ತಿರುಗಿ ಬರುವುದಿಲ್ಲ, ತಪ್ಪು ಯಾರದೆಂದು ತೀರ್ಪು ಹೇಳುವವರೂ ಇಲ್ಲ. ಆದರೆ ತನ್ನೊಬ್ಬಳದೇ ಅಂತ ಅವಳು ಹೊತ್ತಿದ್ದ ಭಾರವನ್ನು ಅವನೂ ಎಲ್ಲೋ ಘಾಟಿಯ ತಿರುವುಗಳಲ್ಲಿ ಒಬ್ಬನೇ ಹೊತ್ತು ತಿರುಗಿದ್ದ.

"ಬಾಯಿ ಫೋನ್ ಮಾಡಿರ್ಲಿಲ್ಲ," ಅಂದ ಧರ್ಮ ಮೆಲ್ಲಗೆ. "ನಾನೇ ಮಾಡಿ ಕೆಲ್ಸ ಕೇಳ್ದೆ. ನಿನ್ ಬುಟ್ಟು ಇರೋಕಾಗ್ಲಿಲ್ಲ ಕಣೇ."

ಹೇಮಶ್ರೀ ಎದ್ದು ಚೊಂಬಿನಲ್ಲಿ ನೀರು ತಂದಳು. ಅವನು ಚೊಂಬಿನ ಜೊತೆಗೆ ಅವಳ ಕೈಯನ್ನೂ ಹಿಡಿದುಕೊಂಡು ಕುಡಿದ.

"ಇನ್ನೇನ್ ಕೆಲ್ಸ ಐತೆ ನಿಂಗೆ?"

"ಏನೂ ಇಲ್ಲ. ಎಲ್ಲಾ ಮುಗಿಸಿಟ್ಟಿದ್ದೀನಿ. ಅವ್ರು ಬಂದ್ಮೇಲೆ ಸಾನ್ನಾ ಬೇಯ್ಸೋದಷ್ಟೇ..."

"ಹಂಗಾದ್ರೆ ಅತ್ಬುಡು. ತಡ್ಕೋಬೇಡ."

ಅವಳು ಮತ್ತೆ ನೆಲದ ಮೇಲೆ ಕೂತಳು. "ನೀವು... ಮತ್ತೆ ಹೊರಟೋಗ್ತೀರಾ?"

"ಇಲ್ಲ." ಅವನು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತ. "ಅವ್ವಂಗೋಸ್ಕರ ನಾನೂ ಇನ್ನೂ ಅತ್ತಿಲ್ಲ, ಹೇಮಾ."