ಉಪ್ಪು ನೋಡದ ಕೈ

ಸೋಮವಾರ ಬೆಳಗಿನ ಎಂಟು ಗಂಟೆಗೆ ಧಾರವಾಡದಲ್ಲಿ ಒಂದು ನಿಮಿಷ ಯಾರೂ ಮಾತನಾಡುವುದಿಲ್ಲ. ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು ಕೆನ್ನೆ ಉಬ್ಬಿಸುತ್ತಾರೆ. ಸಂತೆಯಲ್ಲಿ ಕಾಯಿಪಲ್ಲೆ ಮಾರುವವರು ಸನ್ನೆಯಲ್ಲೇ ಗಿರಾಕಿಗಳನ್ನು ತಡೆದು ನಿಲ್ಲಿಸುತ್ತಾರೆ. ವಕೀಲರು ಕೂಡ ಬಾಯಿ ಮುಚ್ಚುತ್ತಾರೆ; ಈ ಔಷಧದ ದೊಡ್ಡ ಪವಾಡ ಅದೇ ಎಂದು ಊರವರು ನಗೆಯಾಡುವುದುಂಟು. ನಿಮಿಷ ಮುಗಿಯುತ್ತಲೇ ಊರಿಗೆ ಊರೇ ಒಟ್ಟಿಗೆ ಉಗುಳುತ್ತದೆ, ಮತ್ತೆ ಗದ್ದಲ ಶುರುವಾಗುತ್ತದೆ.

ಬಾಯಲ್ಲಿ ಹಾಕಿಕೊಳ್ಳುವುದು ಒಂದು ಚಮಚ ತಿಳಿನೀಲಿ ದ್ರವ. ಅದರ ಹೆಸರು ಗಂಡೂಷ. ಹಳೆಯ ಕಾಲದ ಬಾಯಿ ಮುಕ್ಕಳಿಸುವ ಔಷಧಗಳು ಕೆಲವು ತಾಸಿಗೆ ತೊಳೆದುಹೋಗುತ್ತಿದ್ದವು. ಇದು ಹಾಗಲ್ಲ. ಇದರ ಕಣಗಳು ಹಲ್ಲಿಗೂ ವಸಡಿಗೂ ಕಚ್ಚಿಕೊಂಡು ಏಳು ದಿನ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುತ್ತವೆ. ಹಲ್ಲು ಕೊರೆಯುವ ರೋಗಾಣುಗಳಿಗೆ ಬಾಯಲ್ಲಿ ನೆಲೆಯೇ ಉಳಿಯುವುದಿಲ್ಲ. ಗಂಡೂಷ ಬಂದು ಹನ್ನೆರಡು ವರ್ಷಗಳಾಗಿದ್ದವು. ಈ ಊರಿನ ಮಕ್ಕಳಿಗೆ ಹಲ್ಲುನೋವು ಎಂದರೆ ಏನೆಂದು ಗೊತ್ತಿರಲಿಲ್ಲ.

ಒಂದು ತೊಂದರೆಯಿತ್ತು, ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಹಲ್ಲಿಗೆ ಕಚ್ಚಿಕೊಂಡ ಔಷಧ ಚಹಾ ಕಾಫಿಗಳ ಬಣ್ಣವನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು. ವರ್ಷದೊಳಗೆ ಎಲ್ಲರ ಹಲ್ಲೂ ಕಂದಾದವು. ಮೊದಮೊದಲು ಜನ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ರೂಢಿಯಾಯಿತು. ಇನ್ನೂ ಆಮೇಲೆ ಅದೇ ಹೆಮ್ಮೆಯಾಯಿತು. ಈಗ ಕನ್ಯೆ ನೋಡಲು ಹೋದವರು ಹಲ್ಲು ಚೆನ್ನಾಗಿ ಕಂದಾಗಿದೆಯೋ ಇಲ್ಲವೋ ಎಂದು ನೋಡುತ್ತಾರೆ. ಬಿಳಿ ಹಲ್ಲಿನವರು ಸೋಮವಾರ ತಪ್ಪಿಸುವ ಮೈಗಳ್ಳರು ಎಂದೇ ಲೆಕ್ಕ.

ಗಂಡೂಷವನ್ನು ಕಂಡುಹಿಡಿದವರು ಡಾಕ್ಟರ್ ಶಾಲ್ಮಲಾ ಅಂಗಡಿ. ವಯಸ್ಸು ಅರವತ್ತೆರಡು. ಬಾಟಲಿಯ ಮೇಲೆ ‘ಹಲ್ಲು ಕಂದಾಗುತ್ತದೆ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದು ಅವರೇ. ಹಾಗೆ ಹಾಕಿದರೆ ಯಾರು ಬಾಯಿಗೆ ಹಾಕಿಕೊಳ್ಳುತ್ತಾರೆ ಎಂದು ಎಲ್ಲರೂ ತಕರಾರು ತೆಗೆದಾಗ ಅವರು ಜಗ್ಗಿರಲಿಲ್ಲ. ತಾನು ಸುಳ್ಳು ಹೇಳಿದವಳಲ್ಲ ಎಂಬ ನೆಮ್ಮದಿಯೊಂದು ಅವರಿಗಿತ್ತು. ಎರಡು ವರ್ಷದ ಹಿಂದೆ ಗಂಡ ಸಂಗಮನಾಥ ಮಿದುಳಿನ ರಕ್ತನಾಳ ಒಡೆದು ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಈ ಕೆಲಸ, ಈ ನೆಮ್ಮದಿ, ಎರಡೇ. ಬರುವ ಜೂನ್ ತಿಂಗಳಿಂದ ಆರು ರಾಜ್ಯಗಳ ಶಾಲೆಗಳಿಗೆ ಗಂಡೂಷ ಹೋಗುವುದಿತ್ತು.

ಅಂಥ ಒಂದು ಸೋಮವಾರ ಅವರು ಉಗುಳಿ ಬಾಯಿ ಒರೆಸಿಕೊಳ್ಳುತ್ತಿರುವಾಗ ಪ್ರಯೋಗಾಲಯದ ಬಾಗಿಲಲ್ಲಿ ಬಿಂದಪ್ಪ ನಿಂತಿದ್ದರು. ಕೈಯಲ್ಲಿ ಒಂದು ಬಟ್ಟೆಯ ಗಂಟು.

ಬಿಂದಪ್ಪ ಊರಿನ ಮಠದ ಅಡುಗೆಯವರು. ನಲವತ್ತು ವರ್ಷಗಳಿಂದ ದಿನಾ ನೂರಾರು ಜನರಿಗೆ ಬೇಯಿಸಿ ಹಾಕಿದ ಕೈ. ಓದುವ ಕಾಲದಲ್ಲಿ ಶಾಲ್ಮಲಾ ಕೂಡ ಅವರ ಸಾರು ಸುರಿದುಕೊಂಡು ಉಂಡವರೇ.

“ಡಾಕ್ಟರ್ ಬಾಯಾರ, ಈ ಉಪ್ಪು ಒಂಚೂರು ಪರೀಕ್ಷಾ ಮಾಡಿ ಕೊಡ್ರಿ,” ಎಂದು ಅವರು ಗಂಟು ಬಿಚ್ಚಿದರು. “ಇದರ ಕಸುವು ಹೋಗ್ಯದ.”

“ಉಪ್ಪಿನ ಕಸುವು ಹೆಂಗ ಹೋಗ್ತದ ಬಿಂದಪ್ಪನವರ? ಉಪ್ಪು ಅಂದ್ರ ಉಪ್ಪ ರೀ.”

“ಹೋಗ್ಯದ. ಮೂರು ಅಂಗಡಿ ಬದಲಿ ಮಾಡಿದೆ, ಮೂರರಾಗೂ ಅದ ಹಣೇಬಾರ. ಸಾರು ಸಪ್ಪಗ, ಹುಳಿ ಸಪ್ಪಗ. ಪಂಕ್ತಿಯೊಳಗ ಕೂತವರೆಲ್ಲಾ ಉಪ್ಪು, ಉಪ್ಪು ಅಂತ ಕೂಗ್ತಾರ. ವರ್ಷದಿಂದ ವರ್ಷಕ್ಕ ಈ ಕೂಗು ಜಾಸ್ತಿನ ಆಗ್ಯದ. ಬಿಂದಪ್ಪಗ ವಯಸ್ಸಾತು, ಕೈ ಕೆಟ್ಟತು ಅಂತ ಅಧ್ಯಕ್ಷರು ಹೇಳ್ಯಾರ. ಬರೂ ದ್ವಾದಶಿಗೆ ಬ್ಯಾರೆಯವರನ್ನ ನೇಮಸ್ತಾರಂತ.” ಅವರು ಗಂಟನ್ನು ಮೇಜಿನ ಮೇಲಿಟ್ಟರು. “ನಂದು ತಪ್ಪಿದ್ರ ನಾನಾಗೇ ಸೌಟು ಇಟ್ಟು ಹೋಗ್ತೀನಿ. ಉಪ್ಪಿಂದು ತಪ್ಪಿದ್ರ ನೀವು ಒಂದು ಚೀಟಿ ಬರದು ಕೊಡ್ರಿ.”

“ಒಂದು ಹಿಡಿ ಜಾಸ್ತಿ ಹಾಕಿದ್ರ ಮುಗೀತಲ್ರೀ?”

ಬಿಂದಪ್ಪ ಕಿವಿಯಲ್ಲಿ ಕೇಳಬಾರದ್ದನ್ನು ಕೇಳಿದವರಂತೆ ನೋಡಿದರು. “ದೇವರಿಗೆ ನೈವೇದ್ಯ ಆಗೂತನಕ ನಾವು ನಾಲಗಿಗೆ ಹಚ್ಚೂಹಂಗಿಲ್ಲ. ಉಪ್ಪು ನೋಡೂದು ಅನ್ನೂದು ನಮ್ಮ ಅಡಗಿಮನಿಯೊಳಗ ಇಲ್ಲ. ನೂರು ಎಲಿಗೆ ಮೂರು ಹಿಡಿ. ನಮ್ಮ ಅಪ್ಪ ಹಾಕಿದ್ದು ಮೂರು, ನಾ ಹಾಕಿದ್ದು ಮೂರು. ಆಮೇಲೆ ಉಂಡಾಗ ನನಗೂ ಸಪ್ಪಗ ಅನಸ್ತದ. ಖರೇ ಹೇಳ್ತೀನಿ, ನನಗೂ ಅನಸ್ತದ. ಆದರ ಹಿಡಿ ತಪ್ಪಿಲ್ಲ.”

ಶಾಲ್ಮಲಾ ಅವರ ಸಮಾಧಾನಕ್ಕೆಂದೇ ಉಪ್ಪನ್ನು ಯಂತ್ರಕ್ಕಿಟ್ಟರು. ಉಪ್ಪು ಶುದ್ಧವಾಗಿತ್ತು. ಆಮೇಲೆ ತಕ್ಕಡಿ ತಂದು ಹತ್ತು ಸಲ ಹಿಡಿ ತುಂಬಿ ಹಾಕಿಸಿದರು. ಐವತ್ತೆರಡು ಗ್ರಾಂ, ಐವತ್ತಮೂರು, ಐವತ್ತೆರಡು, ಐವತ್ತೊಂದು. ಹತ್ತೂ ಸಲ ಅಷ್ಟೇ. ಆ ಕೈಗಿಂತ ನಿಖರವಾದ ಉಪಕರಣ ತಮ್ಮ ಅರ್ಧ ಪ್ರಯೋಗಾಲಯದಲ್ಲಿಲ್ಲ ಎಂದು ಅವರಿಗೆ ನಗು ಬಂತು.

ನಗು ಬಹಳ ಹೊತ್ತು ಉಳಿಯಲಿಲ್ಲ. ಉಪ್ಪು ಸರಿಯಿದೆ, ಕೈ ಸರಿಯಿದೆ. ಹಾಗಾದರೆ ಸಪ್ಪಗಾದದ್ದು ಯಾವುದು?

“ಎಲ್ಲಾರೂ ಸಪ್ಪಗ ಅಂತಾರೇನ್ರಿ?” ಎಂದು ಕೇಳಿದರು.

“ಎಲ್ಲಾರೂ. ಅಂಬಕ್ಕ ಒಬ್ಬಾಕಿ ಬಿಟ್ಟು. ಆಕಿ ಮಾತ್ರ, ‘ಸಾರು ಮೊದಲಿನಂಗ ಅದ, ಇವಕ್ಕೆಲ್ಲಾ ಏನು ದಾಡಿ’ ಅಂತ ಬೈತಾಳ. ಎಂಬತ್ನಾಕು ವರ್ಷದ ಬೊಚ್ಚುಬಾಯಿ ಮುದುಕಿ. ಆಕಿ ಮಾತು ಯಾರು ಹಿಡೀತಾರ?”

ಶಾಲ್ಮಲಾ ಕುರ್ಚಿಯ ಮೇಲೆ ಕೂತರು. ಬೊಚ್ಚುಬಾಯಿ. ಹಲ್ಲಿಲ್ಲದವರಿಗೆ ಗಂಡೂಷ ಕೊಡುವುದಿಲ್ಲ. ಕಾಯಲು ಹಲ್ಲೇ ಇಲ್ಲದ ಮೇಲೆ ಔಷಧವೇಕೆ ಎಂದು ನಿಯಮ ಬರೆದವರು ಅವರೇ.

ಅವತ್ತೇ ಮಧ್ಯಾಹ್ನ ಎಂಟು ಬಟ್ಟಲುಗಳನ್ನು ಸಾಲಾಗಿ ಇಟ್ಟರು. ಮೊದಲನೆಯದರಲ್ಲಿ ಬರೀ ನೀರು. ಎರಡನೆಯದರಿಂದ ಸ್ವಲ್ಪಸ್ವಲ್ಪವೇ ಉಪ್ಪು ಏರುತ್ತ ಹೋಗುತ್ತದೆ. ಆರೋಗ್ಯವಂತ ನಾಲಗೆ ಮೂರನೆಯ ಬಟ್ಟಲಿಗೆ ಉಪ್ಪನ್ನು ಗುರುತಿಸಬೇಕೆಂದು ಹಳೆಯ ಪಠ್ಯಪುಸ್ತಕಗಳಲ್ಲಿತ್ತು. ಬಿಂದಪ್ಪ ಆರನೆಯ ಬಟ್ಟಲಿಗೆ ತಲೆಯಾಡಿಸಿದರು. ಶಾಲ್ಮಲಾ ತಾವೇ ಕುಡಿದು ನೋಡಿದರು. ನಾಲ್ಕು ನೀರು. ಐದು ನೀರು. ಆರು ನೀರೇ ಇರಬೇಕು. ಏಳನೆಯದರಲ್ಲಿ ಉಪ್ಪು ಸಿಕ್ಕಿತು. ಬಿಂದಪ್ಪನವರ ಜೊತೆ ಆಟೋ ಹತ್ತಿ ಬಂದ ಅಂಬಕ್ಕ ಮೂರನೆಯ ಬಟ್ಟಲಿಗೆ ಮುಖ ಕಿವುಚಿ, “ಇದಕ್ಕ ಉಪ್ಪು ಹಾಕೀರಲ್ಲ, ಬೇಳಿ ಹಾಕೂದು ಮರತೀರೇನು?” ಎಂದರು. ಸುಮ್ಮನೆ ಇರಲಿ ಎಂದು ಪ್ರಯೋಗಾಲಯದ ನರ್ಸು ಮುದುಕಿಯ, ಜೊತೆಗೆ ಉಳಿದಿಬ್ಬರ ರಕ್ತದೊತ್ತಡವನ್ನೂ ನೋಡಿದಳು. ಆ ಕೋಣೆಯಲ್ಲಿದ್ದವರಲ್ಲೆಲ್ಲ ಅವರದೇ ಕಡಿಮೆ.

ಅದನ್ನು ಕಂಡಾಗ ಶಾಲ್ಮಲಾರಿಗೆ ಎಲ್ಲ ತಾಳೆಯಾಯಿತು. ನಮ್ಮ ನಾಲಗೆಯ ಹಿಂಭಾಗದಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳೂ ಇರುತ್ತವೆ. ಸೊಪ್ಪು ತರಕಾರಿಯಲ್ಲಿರುವ ನೈಟ್ರೇಟನ್ನು ಅವು ಬದಲಿಸಿ ಕೊಡುತ್ತವೆ. ದೇಹ ಅದರಿಂದ ರಕ್ತನಾಳಗಳನ್ನು ಸಡಿಲಗೊಳಿಸುವ ವಸ್ತುವನ್ನು ಮಾಡಿಕೊಳ್ಳುತ್ತದೆ. ಗಂಡೂಷ ಕೆಟ್ಟದ್ದು ಒಳ್ಳೆಯದ್ದು ಎಂದು ನೋಡದೆ ಎಲ್ಲವನ್ನೂ ಒರೆಸಿಹಾಕಿತ್ತು. ಒಂದು ಕಡೆ ನಾಳಗಳು ಬಿಗಿದವು. ಇನ್ನೊಂದು ಕಡೆ ಔಷಧ ಹತ್ತಿಕೊಂಡ ನಾಲಗೆ ಮೊಂಡಾಗಿ ಪ್ರತಿ ಮನೆಯ ಒಗ್ಗರಣೆಗೂ ವರ್ಷವರ್ಷ ಒಂದೊಂದು ಚಿಟಿಕೆ ಉಪ್ಪು ಹೆಚ್ಚಾಗುತ್ತ ಬಂದಿತ್ತು. ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಮಾಡುವವರ ನಾಲಗೆಯೂ ಉಣ್ಣುವವರ ನಾಲಗೆಯೂ ಕೂಡಿಯೇ ಮೊಂಡಾಗಿದ್ದವು.

ಹನ್ನೆರಡು ವರ್ಷದ ಹಿಂದೆ ಪರೀಕ್ಷೆ ನಡೆಸಿದಾಗ ಸಾವಿರದ ನೂರು ಜನರಿಗೆ ಅವರು ಒಂದು ಪ್ರಶ್ನೆ ಕೇಳಿದ್ದರು: ‘ಊಟದ ರುಚಿ ಮೊದಲಿನಂತಿದೆಯೇ?’ ಹೌದು ಎಂದು ಎಲ್ಲರೂ ಬರೆದಿದ್ದರು. ಬರೆಯದೆ ಏನು ಮಾಡಿಯಾರು? ಅವರವರ ಅಡುಗೆಮನೆಯಲ್ಲಿ ಯಾರೋ ಉಪ್ಪು ನೋಡಿ, ಸಾಲದೆಂದು ಇನ್ನಷ್ಟು ಹಾಕಿ, ಬಡಿಸಿದ್ದರು. ಇಡೀ ಊರಿನಲ್ಲಿ ಅಳತೆ ಬದಲಾಗದೆ ಉಳಿದದ್ದು ಉಪ್ಪು ನೋಡದ ಒಂದೇ ಅಡುಗೆಮನೆಯಲ್ಲಿ.

ಅವರು ಬಿಂದಪ್ಪನವರಿಗೆ ಚೀಟಿ ಬರೆದು ಕೊಡಲಿಲ್ಲ. “ದ್ವಾದಶಿ ದಿನ ನಾನ ಬರ್ತೀನಿ,” ಎಂದರು.

ದ್ವಾದಶಿಯ ಪಾರಣೆ ಬೆಳಿಗ್ಗೆಯೇ ಇರುತ್ತದೆ. ಹಿಂದಿನ ದಿನದ ಉಪವಾಸ ಮುರಿಯಲು ಜನ ಎಲೆಯ ಮುಂದೆ ಕೂತಿದ್ದರು. ಮಠದ ಅಧ್ಯಕ್ಷ ಶಾಮರಾವ ಕಟ್ಟಿಯವರು ಶಾಲ್ಮಲಾರನ್ನು ಕಂಡು ಕಂದು ಹಲ್ಲು ತೋರಿಸಿ ನಕ್ಕರು. ಅವರಿಗೆ ಗಂಡೂಷದ ಮೇಲೆ ಬಹಳ ಅಭಿಮಾನ. ಶಾಲ್ಮಲಾ ಪಂಕ್ತಿಯ ನಡುವೆ ನಿಂತು, ಬಟ್ಟಲಿನ ಪರೀಕ್ಷೆಯನ್ನೂ ಅಂಬಕ್ಕನ ಮಾತನ್ನೂ ಇದ್ದದ್ದು ಇದ್ದಂತೆ ಹೇಳಿದರು.

“ಬಿಂದಪ್ಪನವರ ಕೈ ಕೆಟ್ಟಿಲ್ಲ,” ಎಂದರು. “ನಮ್ಮೆಲ್ಲಾರ ನಾಲಗಿ ಕೆಟ್ಟೈತಿ. ಕೆಡಿಸಿದಾಕಿ ನಾನು.”

ಕಟ್ಟಿಯವರು ಸಾವರಿಸಿಕೊಂಡು, “ಅಲ್ರೀ, ಹಲ್ಲು ಉಳದಾವಲ್ಲ? ನಮ್ಮ ಅಪ್ಪ ಹಲ್ಲುನೋವಿಂದ ರಾತ್ರಿ ಪೂರಾ ಒದ್ದಾಡಿದ್ದು ನಾ ನೋಡೀನಿ. ಒಂಚೂರು ರುಚಿ ಹೋದ್ರ ಹೋಗ್ಲಿ ಬಿಡ್ರಿ,” ಎಂದರು.

“ರುಚಿ ಅಷ್ಟ ಹೋಗಿದ್ರ ನಾನೂ ಬಿಡ್ತಿದ್ದೆ ರೀ. ನಿಮ್ಮ ರಕ್ತದೊತ್ತಡದ ಗುಳಿಗಿ ಈಗ ದಿನಕ್ಕ ಎಷ್ಟು?”

ಕಟ್ಟಿಯವರು ಮೂರು ಬೆರಳು ಎತ್ತಿದರು. ಪಂಕ್ತಿಯಲ್ಲಿ ಕೂತಿದ್ದ ಒಬ್ಬೊಬ್ಬರೂ ತಮ್ಮತಮ್ಮ ಗುಳಿಗೆಗಳನ್ನು ನೆನೆಸಿಕೊಂಡಿರಬೇಕು. ಬಿಂದಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಯಾರ ಅಪ್ಪಣೆಗೂ ಕಾಯದೆ ಸಾರಿನ ಕೊಳಗ ಎತ್ತಿಕೊಂಡು ಬಡಿಸಲು ಬಂದರು. ಅವತ್ತು ಉಪ್ಪು ಕೇಳಿದವರು ಒಬ್ಬರೂ ಇಲ್ಲ.

ಜೂನ್ ತಿಂಗಳ ಯೋಜನೆ ನಿಂತಿತು. ಶಾಲ್ಮಲಾ ಅದನ್ನು ತಾವೇ ಬರೆದು ನಿಲ್ಲಿಸಿದರು. ವಸಡಿನ ಶಸ್ತ್ರಚಿಕಿತ್ಸೆಯಾದವರಿಗೆ ಕೆಲವು ದಿನ ಮಾತ್ರ, ವೈದ್ಯರು ಹೇಳಿದರೆ ಮಾತ್ರ ಎಂದು ಗಂಡೂಷದ ಬಳಕೆಯನ್ನು ಮಿತಿಗೊಳಿಸಿದರು. ಪತ್ರಿಕೆಗಳು ಬೈದವು. ಬೈಗುಳ ಅವರಿಗೆ ಅಷ್ಟೇನೂ ತಾಗಲಿಲ್ಲ. ಸೋಮವಾರ ಎಂಟು ಗಂಟೆಗೆ ಈಗ ಊರು ಎಂದಿನಂತೆ ಗಲಾಟೆ ಮಾಡುತ್ತಿತ್ತು. ಹಲ್ಲಿನ ಕಂದು ದಂತವೈದ್ಯರ ಒಂದು ಉಜ್ಜಿಗೆ ಹೋಯಿತು.

ನಾಲಗೆ ಮೆಲ್ಲಗೆ ಬಂತು. ಮೂರನೆಯ ವಾರ ಮಠದಲ್ಲಿ ಊಟಕ್ಕೆ ಕೂತಾಗ ಶಾಲ್ಮಲಾರಿಗೆ ಸಾರಿನಲ್ಲಿ ಹುಣಸೆಯ ಹಿಂದೆ, ಬೆಲ್ಲದ ಕೆಳಗೆ ಉಪ್ಪು ಸಿಕ್ಕಿತು. ಓದುವ ಕಾಲದಲ್ಲಿ ಉಂಡ ಅದೇ ಸಾರು. ಬಿಂದಪ್ಪ ಏನೂ ಕೇಳದೆ ಇನ್ನೊಂದು ಸೌಟು ಹಾಕಿ ಮುಂದೆ ಹೋದರು.

ಮನೆಗೆ ಬಂದ ಶಾಲ್ಮಲಾ ಕೈತೊಳೆದು ಶೀತಪೆಟ್ಟಿಗೆಯ ತಳದಿಂದ ಒಂದು ಡಬ್ಬಿ ತೆಗೆದರು. ಅದರಲ್ಲಿ ಶೇಂಗಾ ಹಿಂಡಿಯಿತ್ತು, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ. ಎರಡು ವರ್ಷದ ಹಿಂದೆ ಸಂಗಮನಾಥರಿಗೆಂದೇ ಕುಟ್ಟಿದ್ದು. ಅವರು ಹೋದ ಮೇಲೆ ಚೆಲ್ಲಲು ಮನಸ್ಸಾಗದೆ ಹಾಗೇ ಉಳಿದಿತ್ತು. ಡಬ್ಬಿಯ ಮೇಲೆ ಶಾಲ್ಮಲಾರದೇ ಕೈಬರಹದಲ್ಲಿ ‘ಉಪ್ಪು ಕಡಿಮೆ’ ಎಂದಿತ್ತು. ರಕ್ತದೊತ್ತಡ ಏರಿದೆ, ಉಪ್ಪು ಬಿಡಿಸಿರಿ, ಇಲ್ಲದಿದ್ದರೆ ಕಷ್ಟ ಎಂದು ವೈದ್ಯರು ಹೇಳಿದ ದಿನದಿಂದ ಗಂಡನ ಅಡುಗೆಯನ್ನು ಅವರು ಬೇರೆಯವರ ಕೈಗೆ ಕೊಟ್ಟಿರಲಿಲ್ಲ. ಪ್ರತಿಯೊಂದನ್ನೂ ತಾವೇ ನಾಲಗೆಗೆ ಹಚ್ಚಿ, ಸಪ್ಪಗಿದೆ, ಸರಿಯಾಗಿದೆ ಎಂದು ನೋಡಿಯೇ ಬಡಿಸಿದ್ದರು. ಸಂಗಮನಾಥರು ಒಂದು ದಿನವೂ ಗೊಣಗದೆ ಉಂಡಿದ್ದರು.

ಶಾಲ್ಮಲಾ ಬೆರಳ ತುದಿಯಲ್ಲಿ ಹಿಂಡಿ ತೆಗೆದು ನಾಲಗೆಯ ಮೇಲಿಟ್ಟರು.

ಉಪ್ಪು. ಬಾಯಿ ಕಿತ್ತುಹೋಗುವಂಥ ಉಪ್ಪು.

ಅವರು ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತರು.

ಮರುದಿನ ಆ ಡಬ್ಬಿಯನ್ನು ಪ್ರಯೋಗಾಲಯದ ಗಾಜಿನ ಕಪಾಟಿನಲ್ಲಿ ಇಟ್ಟರು. ಆ ಕಪಾಟಿನಲ್ಲಿ ನಲವತ್ತು ವರ್ಷದ ಹಿಂದಿನ, ಅವರು ಕಾಲೇಜು ಓದುತ್ತಿದ್ದಾಗಿನ, ಬಾಯಿ ಮುಕ್ಕಳಿಸುವ ಔಷಧದ ಒಂದು ಖಾಲಿ ಬಾಟಲಿ ಇತ್ತು. ಆ ಕಾಲದಲ್ಲಿ ಎಷ್ಟೋ ಮನೆಗಳ ಬಚ್ಚಲಿನ ಕನ್ನಡಿಯ ಕೆಳಗೆ ಅಂಥದೊಂದು ಇರುತ್ತಿತ್ತು. ಡಬ್ಬಿಗೆ ಜಾಗ ಮಾಡಲು ಬಾಟಲಿಯನ್ನು ಎತ್ತಿದವರು ಅದನ್ನು ಹಿಂದುಮುಂದಾಗಿ ತಿರುಗಿಸಿದರು. ಹಿಂಬದಿಯಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ ಓದಲಾಗುವಷ್ಟು ಸಣ್ಣ ಅಕ್ಷರದಲ್ಲಿ ಎರಡು ಸಾಲುಗಳಿದ್ದವು. ಹಲ್ಲಿನ ಬಣ್ಣ ಬದಲಾಗಬಹುದು. ರುಚಿಯಲ್ಲಿ ವ್ಯತ್ಯಾಸವಾಗಬಹುದು. ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ದಿನ ಬಳಸಬಾರದು ಎಂದೂ ಅದರ ಕೆಳಗೆ ಇತ್ತು.

ಮೊದಲನೆಯ ಸಾಲನ್ನು ಅವರು ಗಂಡೂಷದ ಬಾಟಲಿಯ ಮೇಲೆ ದಪ್ಪ ಅಕ್ಷರ ಮಾಡಿದ್ದರು. ಎರಡನೆಯದನ್ನೂ ಅವರು ಅಂದೇ ಓದಿದ್ದರು. ಓದಿ, ರುಚಿ ತಾನೇ, ಎಂದುಕೊಂಡು ಬಾಟಲಿಯನ್ನು ತಿರುಗಿಸಿ ಇಟ್ಟಿದ್ದರು.